ಅರ್ಧ ಮನೆಗೆ ತಮಟೆ

ಎದುರು ಮನೆಯ ಬಸವಮ್ಮ ಅವರೆಬೀಜ ನೆನೆಸಿಟ್ಟುಕೊಂಡು ಬೆಳಗಿನಿಂದ ಕಾಯುತ್ತಿದ್ದರು. ಕಾಂಪೌಂಡಿನ ಒಳಗೆ ಗೋಡೆಯುದ್ದಕ್ಕೂ ಮಣ್ಣು ಸಡಿಲಿಸಿ, ಗೊಬ್ಬರ ಹಾಕಿ ಎಲ್ಲ ತಯಾರಾಗಿತ್ತು. ಮೊದಲ ಬೀಜ ಮಾತ್ರ ದೇವಿರಮ್ಮನ ಕೈಯಿಂದಲೇ ಬೀಳಬೇಕು. ಕುವೆಂಪುನಗರದ ಆ ಅಡ್ಡರಸ್ತೆಯಲ್ಲಿ ಇದು ಹೊಸದೇನಲ್ಲ. ಯಾರಾದರೂ ಹೊಸ ಸ್ಕೂಟರ್ ತಂದರೆ ಹೂವಿನ ಹಾರ ದೇವಿರಮ್ಮ ಹಾಕಬೇಕು. ಮೂಲೆಯಲ್ಲಿ ಚಿತ್ರಾನ್ನದ ಗಾಡಿ ಇಟ್ಟವನು ಮೊದಲ ಬೋಣಿ ಅವರಿಂದ ಮಾಡಿಸಿಕೊಂಡಿದ್ದ. ಅವರ ಕೈಗುಣ ಒಳ್ಳೆಯದೆಂಬ ಮಾತು ಹೇಗೆ ಹುಟ್ಟಿತೋ ಗೊತ್ತಿಲ್ಲ. ಬೀದಿಯಂತೂ ಅದನ್ನು ನಂಬಿತ್ತು.

ದೇವಿರಮ್ಮ ಸಿಟಿ ಬಸ್ಸಿನ ಕಂಡಕ್ಟರ್. ಅವತ್ತು ಮಧ್ಯಾಹ್ನದ ಪಾಳಿ. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು, ಊಟದ ಡಬ್ಬಿಯನ್ನು ಬಸವಮ್ಮನ ಜಗಲಿಯ ಮೇಲಿಟ್ಟು, ಅಂಗೈಯಲ್ಲಿ ಬೀಜ ಹಿಡಿದುಕೊಂಡು ಬಗ್ಗಿದ್ದರು. ಅಷ್ಟರಲ್ಲಿ ಆಟೊ ಒಂದು ಬಂದು ಅವರ ಮನೆಯ ಗೇಟಿನ ಮುಂದೆಯೇ ನಿಂತಿತು. ಮೊದಲು ಇಳಿದವನ ಕಂಕುಳಲ್ಲಿ ತಮಟೆ ಇತ್ತು. ಹಿಂದೆ ಇಳಿದವನ ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಗೋಂದಿನ ಬಾಟಲಿ.

ಬೀದಿಗೆ ತಮಟೆ ಬಂತೆಂದರೆ ಮಾರಿಹಬ್ಬ, ಇಲ್ಲವೇ ಸಾವು. ಹಬ್ಬದ ಕಾಲ ಅದಲ್ಲ. ಪಕ್ಕದ ರಸ್ತೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಹಿಂದಿನ ದಿನ ತೀರಿಕೊಂಡಿದ್ದರು. ಇವರಿಗೆ ದಾರಿ ತಪ್ಪಿದೆ ಅಂದುಕೊಂಡ ದೇವಿರಮ್ಮ ಬೀಜ ಹಿಡಿದ ಕೈಯಲ್ಲೇ ರಸ್ತೆ ದಾಟಿ ಬಂದರು.

"ಅಣ್ಣಾ, ಸಾವಿನ ಮನೆ ಇಲ್ಲಲ್ಲ. ಇಂಗೇ ಮುಂದಕ್ಕೋಗಿ ಹಾಲಿನ ಬೂತ್ ತಾವ ಎಡಕ್ಕೆ ತಿರುಗ್ಕೊಳಿ."

ಫೈಲಿನವನು ಕಾಗದ ನೋಡಿದ, ಗೋಡೆಯ ಮೇಲಿನ ನಂಬರು ನೋಡಿದ. "ಇದೇ ಮನೆ ಕಣಮ್ಮ. ಮಹೇಂದ್ರ ಬಿನ್ ಸಣ್ಣಮಾದಯ್ಯ ಅನ್ನೋರು ಇಲ್ಲೇ ತಾನೆ ಇರೋದು?"

ಅವನ ಹೆಸರು ಕುಮಾರ್, ಕೋರ್ಟಿನ ಅಮೀನ. ದೇವಿರಮ್ಮನ ತಮ್ಮ ಮಹೇಂದ್ರನಿಗೆ ಸಾಲ ಕೊಟ್ಟವನು ದಾವೆ ಹೂಡಿ ಗೆದ್ದಿದ್ದ. ಹಣ ವಸೂಲಿಗಾಗಿ ಮನೆಯನ್ನು ಜಪ್ತಿ ಮಾಡಲು ಆದೇಶವಾಗಿತ್ತು. ಜಪ್ತಿ ಎಂದರೆ ಮನೆಯಿಂದ ಹೊರಹಾಕುವುದಲ್ಲ. ಸಾಲ ತೀರುವ ತನಕ ಅದನ್ನು ಮಾರುವಂತಿಲ್ಲ, ಯಾರಿಗೂ ಬರೆದುಕೊಡುವಂತಿಲ್ಲ, ತೀರದಿದ್ದರೆ ಕೋರ್ಟು ಹರಾಜು ಹಾಕುತ್ತದೆ. ಈ ಸಂಗತಿಯನ್ನು ಮನೆಯ ಮುಂದೆ ತಮಟೆ ಬಾರಿಸಿ ಸಾರಬೇಕು, ಆದೇಶದ ಪ್ರತಿಯನ್ನು ಎದ್ದು ಕಾಣುವಂತೆ ಅಂಟಿಸಬೇಕು. ಹಳೆಯ ಕಾಲದ ನಿಯಮ, ಇನ್ನೂ ಹಾಗೇ ಇದೆ. ಕುಮಾರ್ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಸಾಲ ಕೊಟ್ಟವನು ಯಾರು ಎಂದು ದೇವಿರಮ್ಮ ಕೇಳಲಿಲ್ಲ. ಮಂಡಕಳ್ಳಿ ಕಡೆಯವನು, ಫೈನಾನ್ಸ್ ಇಟ್ಟುಕೊಂಡಿರುವ ಅಶೋಕ. ಬೇರೆ ಯಾರೂ ಇರಲಾರರು.

"ಈ ಮನೇಲಿ ಅರ್ಧ ನಂದು" ಅಂದರು.

"ಅದ ಕೋರ್ಟಲ್ಲಿ ಹೇಳ್ಕಳಿ ಅಮ್ಮ. ತಕರಾರು ಅರ್ಜಿ ಹಾಕ್ಕಳಿ. ನಂಗೆ ಏನ್ ಬರ್ದುಕೊಟ್ಟವ್ರೋ ಅದ ಓದೋದಷ್ಟೇ ಕೆಲ್ಸ."

"ಓದಿ, ಬ್ಯಾಡ ಅನ್ನಲ್ಲ. ತಮಟೆ ಮಾತ್ರ ಅರ್ಧಕ್ಕೆ ಹೊಡೀಲಿ."

ತಮಟೆಯವನಿಗೆ ನಗು ಬಂತು. "ಅರ್ಧಕ್ಕೆ ಎಂಗಕ್ಕ ಹೊಡಿಯಾದು? ಒಂದೇ ಕೈಲಿ ಹೊಡೀಲಾ? ಆ ಫೈನಾನ್ಸ್‌ನೋರು ಬೀದಿಗೆಲ್ಲ ಕೇಳಂಗೆ ಹೊಡಿ ಅಂದವ್ರೆ."

"ಊರಿಗೇ ಕೇಳಂಗೆ ಹೊಡಿ. ನನ್ ತಮ್ಮನ ಪಾಲು ಅಂತ ಎಡಗಡೆ ನಿಂತ್ಕೊಂಡು ಹೊಡಿ. ನನ್ ಪಾಲ್ಗೆ ಮಾತ್ರ ಕೇಳಿಸ್ಬಾರ್ದು."

ಅವನು ಎರಡೂ ಕೈಯಲ್ಲೇ ಬಾರಿಸಿದ. ಆದರೆ ನಾಲ್ಕು ಹೆಜ್ಜೆ ಎಡಕ್ಕೆ ಸರಿದು ನಿಂತ. ಕಿಟಕಿಗಳು ತೆರೆದವು. ಇಸ್ತ್ರಿ ಗಾಡಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟು ನೋಡಿದ. ದೇವಿರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲಿಲ್ಲ. ಕುಮಾರ್ ಪೂರ್ತಿ ಓದಿ ಮುಗಿಸುವವರೆಗೆ ಗೇಟಿನ ಬಲಗಡೆ ಕಂಬಕ್ಕೆ ಒರಗಿ ನಿಂತಿದ್ದರು. ಅಂಟಿಸುವ ಹೊತ್ತಿಗೆ ಅವನು ಗೇಟಿನ ಎರಡೂ ರೆಕ್ಕೆಗಳನ್ನು ನೋಡಿ, ಅವರ ಮುಖ ನೋಡಿ, ಎಲ್ಲಂಟಿಸಿದರೂ ಒಂದೇ ಎಂದು ಗೊಣಗಿಕೊಂಡು ಎಡಗಡೆಯದಕ್ಕೆ ಗೋಂದು ಸವರಿದ. ತಮಟೆಯವನಿಗೆ ಕುಡಿಯಲು ನೀರು ಕೊಟ್ಟು ಕಳಿಸಿ ದೇವಿರಮ್ಮ ಎದುರು ಮನೆಗೆ ಮರಳಿದರು.

ಬಸವಮ್ಮ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದರು. "ಬೀಜ ನಾಳೆ ಹಾಕಿದ್ರಾಯ್ತು ಬುಡಕ್ಕ" ಅಂದರು, ಮುಖ ನೋಡದೆ.

"ನೆನೆದ ಬೀಜ ನಾಳೆಗಂಟ ಕಾಯಾಕಿಲ್ಲ ಬಸವಮ್ಮ" ಎಂದು ದೇವಿರಮ್ಮ ಬಗ್ಗಿ, ಗೋಡೆಯುದ್ದಕ್ಕೂ ಒಂದೊಂದೇ ಬೀಜ ಒತ್ತುತ್ತಾ ಹೋದರು. ಮೊದಲನೆಯದಷ್ಟೇ ಅಲ್ಲ, ಎಲ್ಲವನ್ನೂ. ಆಮೇಲೆ ಕೈ ತೊಳೆದು, ಡಬ್ಬಿ ತೆಗೆದುಕೊಂಡು ಡಿಪೋಗೆ ಹೋದರು.

ಆ ಮನೆ ಕಟ್ಟಿದ್ದು ಅವರ ತಂದೆ ಸಣ್ಣಮಾದಯ್ಯ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ ಅವರಿಗೆ ಕುವೆಂಪುನಗರದಲ್ಲಿ ಸೈಟು ಸಿಕ್ಕಾಗ ಅಲ್ಲಿ ಇನ್ನೂ ರಾಗಿಹೊಲದ ಬದುಗಳು ಕಾಣುತ್ತಿದ್ದವು. ಕೆಳಗಿನ ಮನೆ ಎದ್ದು ಮಹಡಿಗೆ ಕಂಬಿ ಬಿಟ್ಟಿದ್ದ ವರ್ಷ, ಮದುವೆಯಾಗಿ ಹೋಗಿದ್ದ ಮಗಳು ಕೈಗೂಸನ್ನು ಎತ್ತಿಕೊಂಡು ವಾಪಸು ಬಂದಳು. ಗಂಡನ ಮನೆಯಲ್ಲಿ ಏನಾಯಿತೆಂದು ಸಣ್ಣಮಾದಯ್ಯ ಒಂದೇ ಸಲ ಕೇಳಿದರು. ಉತ್ತರ ಕೇಳಿದ ಮೇಲೆ ಮತ್ತೆ ಕೇಳಲಿಲ್ಲ. ಕೆಲವು ತಿಂಗಳ ನಂತರ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮನೆಯನ್ನು ಮಗಳು ದೇವಿರಮ್ಮ, ಮಗ ಮಹೇಂದ್ರ ಇಬ್ಬರಿಗೂ ಸಮಪಾಲಾಗಿ ಜಂಟಿಯಲ್ಲಿ ಬರೆದುಕೊಟ್ಟರು. ಊರಿನ ನೆಂಟರು ಬಂದು ಕೊಟ್ಟ ಹೆಣ್ಣಿಗೆ ಮನೆಯಲ್ಲಿ ಅರ್ಧವೇ ಎಂದು ಜಗಳ ತೆಗೆದರು. "ಗಂಡು ಎಲ್ಲಾದ್ರೂ ಬಿದ್ಕೋತನೆ ಕಣ್ರಪ್ಪ. ಹೆಣ್ಮಗಳಿಗೆ ತಟ್ಟೋಕೆ ಒಂದು ಬಾಗ್ಲು ಬೇಕು" ಎಂದು ಸಣ್ಣಮಾದಯ್ಯ ಹೇಳಿದ್ದರಂತೆ. ಮುಂದೆ ದೇವಿರಮ್ಮನಿಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಡಿಪೋದ ಸಹಕಾರ ಸಂಘದಲ್ಲಿ ಸಾಲ ಮಾಡಿ ಮಹಡಿ ಕಟ್ಟಿಸಿದರು. ಆ ಸಾಲ ತೀರಿ ವರ್ಷಗಳಾದವು. ಕೈಗೂಸಾಗಿ ಬಂದ ಮಗಳು ಗಗನ ಈಗ ನರ್ಸು. ತಾಯಿ ಮಗಳು ಮಹಡಿಯಲ್ಲಿ, ಮಹೇಂದ್ರನ ಸಂಸಾರ ಕೆಳಗೆ. ಅವ್ವ ಶಿವನಂಜಮ್ಮ ಹಗಲು ಕೆಳಗೆ, ಮಲಗಲು ಮೇಲೆ.

ಮಹೇಂದ್ರನದು ಮದುವೆ ಮನೆಗಳಿಗೆ ಶಾಮಿಯಾನ, ಹೂವಿನ ಅಲಂಕಾರ ಒದಗಿಸುವ ಕೆಲಸ. ಚೆನ್ನಾಗಿಯೇ ನಡೆಯುತ್ತಿತ್ತು. ಇನ್ನೂ ದೊಡ್ಡದು ಮಾಡಬೇಕೆನಿಸಿ, ಹೊಸ ದೀಪ, ಪರದೆ, ವೇದಿಕೆಯ ಸಾಮಾನು ತರಲು ಅಶೋಕನಿಂದ ಸಾಲ ಎತ್ತಿದ. ಅಶೋಕ ಹಣವನ್ನು ಮನೆಗೇ ತಂದುಕೊಟ್ಟ. ಶುಕ್ರವಾರದ ಬೆಳಗು. "ಮೊದ್ಲು ನಮ್ಮಕ್ಕನ ಕೈಗೆ ಕೊಡಪ್ಪ, ಕೈಗುಣ ಚೆನ್ನಾಗದೆ" ಎಂದು ಮಹೇಂದ್ರನೇ ಮಹಡಿಯಿಂದ ಅಕ್ಕನನ್ನು ಕರೆದ. ದೇವಿರಮ್ಮ ಸ್ನಾನ ಮಾಡಿ ಬಂದು, ನೋಟಿನ ಕಟ್ಟುಗಳನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ದೇವರ ಮುಂದಿಟ್ಟು ಅರಿಸಿನ ಕುಂಕುಮ ಹಚ್ಚಿ ತಮ್ಮನ ಕೈಗೆ ಕೊಟ್ಟರು. ಆ ಕ್ಷಣದ ಫೋಟೋ ತೆಗೆದು ಮಹೇಂದ್ರ ತನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡ, ‘ಅಕ್ಕನ ಕೈಯಿಂದ ಹೊಸ ಆರಂಭ’ ಎಂದು ಬರೆದು. ಬೀದಿಯೆಲ್ಲ ನೋಡಿತು, ಅಶೋಕನೂ ನೋಡಿದ. ನೋಡಿದವನು ಉಳಿಸಿಕೊಂಡ.

ಸಾಮಾನು ಬಂದು ಇನ್ನೇನು ಹಂಗಾಮು ಶುರುವಾಗಬೇಕು ಅನ್ನುವಾಗ ಕೊರೋನಾ ಬಂತು. ಮದುವೆಗಳು ನಿಂತವು. ಮತ್ತೆ ನಡೆಯತೊಡಗಿದಾಗ ಮಹೇಂದ್ರನ ಗಿರಾಕಿಗಳು ಬೇರೆಯವರ ಪಾಲಾಗಿದ್ದರು. ಬಡ್ಡಿ ಕಟ್ಟುವುದು ನಿಂತಿತು. ಅಶೋಕ ದಾವೆ ಹೂಡಿದ. ಸಮನ್ಸು ಬಂದರೆ ಮಹೇಂದ್ರ ಇಸಿದುಕೊಂಡು ಗೋದಾಮಿನಲ್ಲಿಟ್ಟ. ಕೋರ್ಟಿನ ಕಡೆ ಕಾಲೇ ಹಾಕಲಿಲ್ಲ. ಅವನ ಗೈರುಹಾಜರಿಯಲ್ಲಿ ಡಿಕ್ರಿ ಆಯಿತು. ತಮಟೆ ಬಡಿದ ದಿನ ರಾತ್ರಿ ಊಟದ ಮುಂದೆ ಕೂತು ಅವನು ಇದನ್ನೆಲ್ಲ ಒಪ್ಪಿಕೊಂಡ. ಯಾಕೆ ಹೇಳಲಿಲ್ಲ ಎಂದಿದ್ದಕ್ಕೆ, ಹೇಳಿದ್ದರೆ ನೀನು ಬೈಯುತ್ತಿದ್ದೆ ಎಂದ. ದೇವಿರಮ್ಮ ಆಗಲೂ ಬೈಯಲಿಲ್ಲ. ಮನೆ ಪೂರ್ತಿ ನಿನ್ನದೆಂದು ಅಶೋಕ ಕೋರ್ಟಿಗೆ ಬರೆದುಕೊಟ್ಟಿದ್ದಾನಲ್ಲ, ನೀನು ಹಾಗೆ ಹೇಳಿದ್ದೆಯಾ ಎಂದು ಮಾತ್ರ ಕೇಳಿದರು. ಇಲ್ಲ ಎಂದ. ಅದು ನಿಜವೆಂದು ಅವರಿಗೆ ಅನಿಸಿತು.

ಭಾನುವಾರ ಅಶೋಕನೇ ಬಂದ. ಕೈಯಲ್ಲಿ ಒಂದು ಚಿಪ್ಪು ರಸಬಾಳೆ. ಅವನ ತಂದೆಯೂ ಸಣ್ಣಮಾದಯ್ಯನೂ ಒಂದೇ ಊರಿನವರು. ಚಿಕ್ಕಂದಿನಲ್ಲಿ ಇದೇ ಮನೆಯಲ್ಲಿ ಮುದ್ದೆ ಉಂಡವನು. ಶಿವನಂಜಮ್ಮನ ಕಾಲು ಮುಟ್ಟಿ ಕೂತು, ತಮಟೆ ಹೊಡೆಸಿದ್ದು ತನಗೂ ಸಂಕಟವೇ ಎಂದ. ತನ್ನ ಕೈಯಿಂದಲೂ ಹಣ ಹೋಗಿದೆ, ತಾನೂ ಬೇರೆಯವರಿಗೆ ಲೆಕ್ಕ ಒಪ್ಪಿಸಬೇಕು ಎಂದ. ಆಮೇಲೆ ದಾರಿಯೊಂದನ್ನು ಹೇಳಿದ. ಅಕ್ಕ ತಮ್ಮ ಇಬ್ಬರೂ ರಾಜಿಪತ್ರಕ್ಕೆ ರುಜು ಹಾಕಿದರೆ ಸಾಕು, ಕಂತಿನಲ್ಲಿ ತೀರಿಸಬಹುದು. ಜಪ್ತಿ ತೆಗೆಸುತ್ತಾನೆ. ಸಾಲ ತೀರುವವರೆಗೆ ಮನೆ ಪೂರ್ತಿ ಅದಕ್ಕೆ ಆಧಾರ.

ದೇವಿರಮ್ಮ ಗಮನ ಕೊಟ್ಟು ಕೇಳಿಸಿಕೊಂಡರು. ಕಂತು ತಪ್ಪಿದರೆ?

ತಪ್ಪೋದ್ಯಾಕೆ ಎಂದ ಅಶೋಕ.

"ತಪ್ಪೋದು ನನ್ ತಮ್ಮಂಗೆ ಅಭ್ಯಾಸ. ತಪ್ಪಿದ್ರೆ ಅವನ ಅರ್ಧದ ಜೊತೆ ನಂದೂ ಹೋಯ್ತದೆ. ಈಗ ಅವಂದೊಂದೇ ಹೋಗೋದು."

ಅಶೋಕ ಫೋನು ತೆಗೆದು ಫೋಟೋ ತೋರಿಸಿದ. "ದೇವಿರಕ್ಕ, ದುಡ್ಡು ಇಸ್ಕಂಡಿರೋ ಕೈ ಯಾವ್ದು ನೋಡಿ. ನಾನು ಇದ ಕೋರ್ಟಲ್ಲಿ ತೋರಿಸ್ಬೇಕಾ? ಮನೆ ಮಾತ ಮನೇಲೇ ಮುಗಿಸ್ಕೊಳವ."

"ಮನೆ ಮಾತಾಗಿದ್ರೆ ನೀನು ತಮಟೆ ಕಳಿಸೋಕ್ ಮುಂಚೆ ಬರ್ತಿದ್ದೆ ಅಶೋಕಪ್ಪ. ತೋರ್ಸು. ಚೆನ್ನಾಗೇ ಬಂದದೆ ಫೋಟೋ."

ಬಾಗಿಲ ಬಳಿ ಕೂತಿದ್ದ ಶಿವನಂಜಮ್ಮ ಬಾಯಿಬಿಟ್ಟರು. ಒಡಹುಟ್ಟಿದವನು ಬೀದಿಗೆ ಬೀಳುವಾಗ ಒಂದು ರುಜು ಹಾಕಲು ಏನು ಕಷ್ಟ ಎಂದು ಅವರ ಪ್ರಶ್ನೆ. ತಾಯಿಯ ಮಾತಿಗೆ ಎದುರಾಡುವುದು ದೇವಿರಮ್ಮನಿಗೆ ಸುಲಭವಾಗಿರಲಿಲ್ಲ. ಬಾಳೆಹಣ್ಣಿನ ಚಿಪ್ಪನ್ನು ಎತ್ತಿ ಅಶೋಕನ ಕೈಗೆ ವಾಪಸು ಕೊಟ್ಟರು.

"ಅಪ್ಪ ಊರೋರ ಬಾಯಿಗೆಲ್ಲ ಬಿದ್ದು ನಂಗೆ ಬರ್ದು ಕೊಟ್ಟಿದ್ದು ಕಣವ್ವ. ಯಾರೋ ಕೇಳುದ್ರು ಅಂತ ಕೊಡೋಕೆ ಅದು ನಂದೊಬ್ಬಳದೇ ಅಲ್ಲ." ನಂತರ ಅಶೋಕನ ಕಡೆ ತಿರುಗಿದರು. "ನಿನ್ ದುಡ್ಡು ನಿಂಗೆ ಬರ್ಬೇಕು, ಅದು ನ್ಯಾಯ. ತಕ್ಕೊಂಡೋನು ಇಲ್ಲೇ ಕೂತವ್ನೆ, ಕೇಳು. ನನ್ನ ಕೇಳ್ಬ್ಯಾಡ."

ಅಂದಿನಿಂದ ಕೆಳಮನೆಯಿಂದ ಮೇಲಕ್ಕೆ ಸಾರು ಬರುವುದು ನಿಂತಿತು. ಶಿವನಂಜಮ್ಮ ಮಲಗುವುದಕ್ಕೂ ಮೇಲೆ ಬರಲಿಲ್ಲ.

ವಕೀಲರನ್ನು ಹುಡುಕಿಕೊಟ್ಟದ್ದು ಗಗನ. ಸಿದ್ಧಾರ್ಥನಗರದ ಒಂದು ಹಳೆಯ ಮನೆಯ ಮುಂಗೋಣೆಯೇ ಲಹರಿಯವರ ಕಚೇರಿ. ಅಜ್ಜ ಅರಮನೆಯ ಲೆಕ್ಕಪತ್ರ ನೋಡಿಕೊಂಡಿದ್ದವರು, ತಂದೆ ಕಾಲೇಜಿನಲ್ಲಿ ಪಾಠ ಹೇಳಿದವರು. ಲಹರಿಗೆ ಇನ್ನೂ ಮೂವತ್ತೈದು ತುಂಬಿರಲಿಲ್ಲ. ಮೊದಲ ದಿನವೇ ಅವರು ಮುಖ್ಯವಾದ ಮಾತು ಹೇಳಿದರು. ಡಿಕ್ರಿ ಆಗಿರುವುದು ಮಹೇಂದ್ರನ ಮೇಲೆ ಮಾತ್ರ. ಒಬ್ಬನ ಸಾಲಕ್ಕೆ ಜಂಟಿ ಮನೆಯಲ್ಲಿ ಅವನ ಪಾಲನ್ನು ಹಿಡಿಯಬಹುದೇ ಹೊರತು ಇನ್ನೊಬ್ಬರ ಪಾಲನ್ನಲ್ಲ. ಪೂರ್ತಿ ಮನೆ ಹಿಡಿಸಿದ್ದು, ಅಕ್ಕ ಹೆದರಿ ದುಡ್ಡು ಕಟ್ಟಲಿ ಎನ್ನುವ ಲೆಕ್ಕಾಚಾರಕ್ಕೆ. ಆದರೆ ಸಾಲವನ್ನು ಅಕ್ಕನೂ ಸೇರಿ ಪಡೆದಳು, ಅದು ಮನೆಗೇ ಖರ್ಚಾಯಿತು ಎಂದು ಅಶೋಕನ ಕಡೆಯವರು ವಾದಿಸುತ್ತಾರೆ. ಆ ಫೋಟೋ ಇರುವುದು ಅದಕ್ಕೆ.

ಎರಡನೇ ಸಲ ಹೋದಾಗ ತಕರಾರು ಅರ್ಜಿ, ಅದರ ಜೊತೆಯ ಪ್ರಮಾಣಪತ್ರ ಟೈಪಾಗಿ ಸಿದ್ಧವಿದ್ದವು. ಲಹರಿ ಓದಿ ಹೇಳಿದರು. ಸಾಲದ ವ್ಯವಹಾರ ಅರ್ಜಿದಾರಳಿಗೆ ತಿಳಿಯದು, ಆಕೆ ಆ ಹಣ ಪಡೆದಿಲ್ಲ, ಕಂಡಿಲ್ಲ, ಮುಟ್ಟಿಲ್ಲ ಎಂಬಲ್ಲಿಗೆ ಬಂದಾಗ ದೇವಿರಮ್ಮ ಕೈ ಎತ್ತಿ ನಿಲ್ಲಿಸಿದರು, ಬಸ್ಸಿನಲ್ಲಿ ಡ್ರೈವರಿಗೆ ನಿಲ್ಲಿಸಲು ಹೇಳುವ ಹಾಗೆ.

"ಮುಟ್ಟಿದ್ದೀನಲ್ಲ ಲಾಯರಮ್ಮ."

"ಗೊತ್ತು. ಸ್ಟೇಟಸ್‌ನಿಂದ ತೆಗೆದಿಟ್ಟುಕೊಂಡ ಫೋಟೋ ಅದು. ಅದನ್ನ ಸಾಕ್ಷಿ ಅಂತ ಒಪ್ಪಿಸೋದು ಅವರಿಗೆ ಅಷ್ಟು ಸುಲಭ ಅಲ್ಲ. ನಾವಾಗೇ ಯಾಕೆ ಒಪ್ಕೋಬೇಕು?"

"ಬೀದಿಗೆಲ್ಲ ಗೊತ್ತಿರೋದ ಕೋರ್ಟ್ಗೊಂದು ಇಲ್ಲ ಅನ್ಲಾ?"

"ಆಯ್ತು, ‘ಮುಟ್ಟಿಲ್ಲ’ ಅನ್ನೋದನ್ನ ತೆಗೀತೀನಿ. ‘ಸಾಲ ಪಡೆದಿಲ್ಲ’ ಅಂತಷ್ಟೇ ಇರಲಿ. ಉಳಿದದ್ದು ಅವರು ಕೇಳಿದಾಗ ನೋಡ್ಕೊಳ್ಳೋಣ. ಸುಮ್ಮನಿರೋದು ಸುಳ್ಳಲ್ಲಮ್ಮ."

ಲಹರಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಕ್ಷಿದಾರರು ಬಾಯಿಬಿಟ್ಟು ಕೆಟ್ಟ ಮೊಕದ್ದಮೆಗಳನ್ನು ಅವರು ಕಂಡಿದ್ದರು. ಆದರೆ ದೇವಿರಮ್ಮ ಜಗ್ಗಲಿಲ್ಲ. ಇಸಿದುಕೊಂಡಿದ್ದು, ದೇವರ ಮುಂದಿಟ್ಟಿದ್ದು, ತಮ್ಮನಿಗೆ ಕೊಟ್ಟಿದ್ದು ಮೂರೂ ಬರೆಯಬೇಕು, ಇಲ್ಲದಿದ್ದರೆ ತಾನು ರುಜು ಹಾಕುವುದಿಲ್ಲ ಎಂದರು.

"ಅವ್ನು ಹುಡ್ಕಿ ಹೊರಗೆ ತೆಗುದ್ರೆ ಅದು ಕಳ್ಳತನ ಆಯ್ತದೆ. ನಾನೇ ಹೇಳುದ್ರೆ ಬರೀ ಪೂಜೆ."

ಲಹರಿ ಪೆನ್ನಿನ ಕ್ಯಾಪು ಮುಚ್ಚಿದರು. ಇದರಿಂದ ಪಾಟಿ ಸವಾಲು ಕಷ್ಟವಾಗುತ್ತದೆ, ಕೂರಿಸಿ ಕೆಣಕುತ್ತಾರೆ ಎಂದು ಎಚ್ಚರಿಸಿದರು. ತಿಂಗಳ ಕೊನೆಯ ದಿನ ನಮ್ಮ ಮಂಡಕಳ್ಳಿ ಬಸ್ಸಿನಲ್ಲಿ ನಿಂತು ಬನ್ನಿ ಒಮ್ಮೆ, ಅದಕ್ಕಿಂತ ಕೆಣಕುತ್ತಾರಾ ನೋಡೋಣ ಎಂದರು ದೇವಿರಮ್ಮ. ಲಹರಿ ನಕ್ಕು ಕಂಪ್ಯೂಟರಿನ ಕಡೆ ತಿರುಗಿ ಹೊಸದಾಗಿ ಟೈಪು ಮಾಡಿದರು.

ಸಾಕ್ಷಿ ಹೇಳುವ ದಿನ ಬರುವಷ್ಟರಲ್ಲಿ ಮಳೆಗಾಲ ಮುಗಿದು ದಸರೆಯ ದೀಪಗಳೂ ಇಳಿದಿದ್ದವು. ಮಹೇಂದ್ರ ಬಂದಿದ್ದ. ಅಕ್ಕನ ಪಕ್ಕದಲ್ಲಿ ಕೂರದೆ ಹಿಂದಿನ ಬೆಂಚಿನಲ್ಲಿ ಕೂತ. ಅಶೋಕನ ವಕೀಲರು ಹಿರಿಯರು, ನಿಧಾನಸ್ಥರು. ಪ್ರಮಾಣಪತ್ರದಲ್ಲಿ ಎಲ್ಲವೂ ಮೊದಲೇ ಒಪ್ಪಿಗೆಯಾಗಿದ್ದರಿಂದ ಅವರ ಕೈಯಲ್ಲಿದ್ದ ಫೋಟೋದ ಅರ್ಧ ಬೆಲೆ ಹೋಗಿತ್ತು. ಆದರೂ ಅದನ್ನು ಸಾಕ್ಷಿಕಟ್ಟೆಯ ಮೇಲಿಟ್ಟರು.

"ಇದರಲ್ಲಿರೋರು ನೀವೇನಾ?"

"ನಾನೇ ಸ್ವಾಮಿ."

"ಕೈಯಲ್ಲಿರೋದೇನು?"

"ದುಡ್ಡು. ಅಶೋಕಪ್ಪ ಕೊಟ್ಟಿದ್ದು."

"ಮಹೇಂದ್ರ ಪಕ್ಕದಲ್ಲೇ ನಿಂತಿದ್ದರೂ ನಿಮ್ಮ ಕೈಗೇ ಯಾಕೆ ಕೊಟ್ಟರು?"

"ನನ್ ಕೈಗುಣ ಒಳ್ಳೇದು ಅಂತ."

ಹಿಂದಿನ ಸಾಲುಗಳಲ್ಲಿ ನಗು ಹರಿದಾಡಿತು. ವಕೀಲರೂ ನಕ್ಕರು. "ಕೈಗುಣ ಅಷ್ಟು ಒಳ್ಳೇದಾಗಿದ್ದರೆ ವ್ಯಾಪಾರ ಯಾಕಮ್ಮ ಮುಳುಗಿತು?"

"ಅದ ನಾನೂ ಎಷ್ಟೋ ಸಲ ಕೇಳ್ಕೊಂಡಿದ್ದೀನಿ" ಎಂದರು ದೇವಿರಮ್ಮ.

ವಕೀಲರು ಒಂದು ಹೆಜ್ಜೆ ಮುಂದೆ ಬಂದರು. ಸಾಲದ ಹಣವನ್ನು ಸ್ವಂತ ಕೈಯಲ್ಲಿ ಪಡೆದಿದ್ದೀರಿ, ಸ್ವಂತ ಮನೆಯ ದೇವರ ಮುಂದೆ ಇಟ್ಟಿದ್ದೀರಿ, ಆದರೂ ಸಾಲ ನಿಮ್ಮದಲ್ಲ ಎನ್ನುತ್ತೀರಿ, ಹೌದೋ ಅಲ್ಲವೋ ಎಂದರು.

"ನಾನು ಬಸ್ ಕಂಡಕ್ಟರು ಸ್ವಾಮಿ. ಈಗ ಹೆಂಗಸ್ರಿಗೆ ಟಿಕೆಟ್ ಫ್ರೀ ಆದ್ಮೇಲೆ ಕಮ್ಮಿ ಆಗದೆ. ಅದ್ಕೆ ಮುಂಚೆ ಊರೋರ ದುಡ್ಡೆಲ್ಲ ನನ್ ಕೈಲೇ ಹೋಯ್ತಿತ್ತು. ಇಸ್ಕತೀನಿ, ಚೀಲಕ್ಕಾಕ್ತೀನಿ, ರಾತ್ರಿ ಡಿಪೋಲಿ ಕಟ್ಬುಟ್ಟು ಬರೀ ಕೈಲಿ ಮನೇಗೋಯ್ತೀನಿ. ಕೈಗೆ ಬಂದಿದ್ದೆಲ್ಲ ನಂದೇ ಅಂತ ಆಗಿದ್ರೆ, ಅರ್ಧ ಮನೆಗೋಸ್ಕರ ಇಲ್ಲಿ ಬಂದು ನಿಂತ್ಕೊಳೋ ಗ್ರಾಚಾರ ನಂಗ್ಯಾಕ್ ಬರ್ತಿತ್ತು?"

ನ್ಯಾಯಾಧೀಶರು ಬೆರಳಚ್ಚುಗಾರ್ತಿಯ ಕಡೆ ನೋಡಿ, ಹೇಳಿದ್ದನ್ನು ಹೇಳಿದ ಹಾಗೇ ದಾಖಲಿಸಲು ಸೂಚಿಸಿದರು.

ಸಾಕ್ಷಿಕಟ್ಟೆಗೆ ಮುಂದೆ ಬಂದವನು ಅಶೋಕ. ಲಹರಿ ಹೆಚ್ಚೇನೂ ಕೇಳಲಿಲ್ಲ. ಪ್ರೋನೋಟಿಗೆ, ಅಂದರೆ ಸಾಲಪತ್ರಕ್ಕೆ, ರುಜು ಹಾಕಿದವರು ಯಾರು? ಮಹೇಂದ್ರ. ದೇವಿರಮ್ಮ ಅದೇ ಹೊತ್ತಿನಲ್ಲಿ ಅದೇ ಮನೆಯಲ್ಲಿ ಇದ್ದರೇ? ಇದ್ದರು. ಅವರಿಗೂ ಓದು ಬರಹ ಬರುತ್ತದೆ, ಪೆನ್ನೂ ಅಲ್ಲೇ ಇತ್ತು. ಅವರಿಂದ ಯಾಕೆ ರುಜು ಹಾಕಿಸಿಕೊಳ್ಳಲಿಲ್ಲ?

"ಅವ್ರಿಂದ ಯಾಕ್ ಹಾಕಿಸ್ಕೊಳ್ಳಿ ಮೇಡಂ" ಎಂದ ಅಶೋಕ, ತುಸು ಬೇಸರದಿಂದಲೇ. "ದುಡ್ಡು ಬೇಕಾಗಿದ್ದು ಅವ್ನಿಗೆ."

ಅವನ ವಕೀಲರು ಕಣ್ಣು ಮುಚ್ಚಿ ತೆರೆದರು. ಲಹರಿ ಇಷ್ಟು ಸಾಕೆಂದು ಹೇಳಿ ಕೂತರು.

ಆದೇಶ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಓದಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಡಿಕ್ರಿಯಲ್ಲಿ ಹೆಸರಿಲ್ಲದ, ಸಾಲಪತ್ರಕ್ಕೆ ರುಜು ಹಾಕದ ಸಹಮಾಲೀಕಳ ಅರ್ಧ ಪಾಲಿನ ಮೇಲಿನ ಜಪ್ತಿಯನ್ನು ತೆರವು ಮಾಡಲಾಗಿದೆ. ಮಹೇಂದ್ರನ ಅರ್ಧ ಪಾಲಿನ ಮೇಲಿನ ಜಪ್ತಿ ಮುಂದುವರಿಯುತ್ತದೆ, ಅದನ್ನು ಹರಾಜಿಗೆ ಇಡಬಹುದು. ಲಹರಿ ಕೈ ಕುಲುಕಿದರು. ದೇವಿರಮ್ಮ ಹಿಂದಿರುಗಿ ತಮ್ಮನನ್ನು ಹುಡುಕಿದರು. ಅವನು ಆಗಲೇ ಹೊರಗೆ ಹೋಗಿ ಮರದ ಕೆಳಗೆ ಸ್ಕೂಟರಿನ ಮೇಲೆ ಕೂತಿದ್ದ.

"ನಿಂದು ಉಳ್ಕತ್ತು" ಎಂದ. "ನಂದು ಹೋಯ್ತದೆ. ಯಾವನೋ ಗೊತ್ತುಗುರಿ ಇಲ್ದೋನು ಬಂದು ಕೆಳಗಿನ ಮನೇಲಿ ಕೂತ್ಕತನೆ. ಅವನ ಜೊತೆ ಇರು, ಸುಖವಾಗಿ."

ಸುಳ್ಳಲ್ಲ. ಅರ್ಧ ಪಾಲನ್ನು ಹೊರಗಿನವರು ಕೊಂಡರೆ, ನಾಳೆ ಅವರೇ ಪಾಲು ವಿಭಾಗದ ದಾವೆ ಹಾಕಿ ಪೂರ್ತಿ ಮನೆ ಮಾರಿಸುವ ಮಟ್ಟಕ್ಕೂ ಹೋಗಬಹುದು. ದೇವಿರಮ್ಮನಿಗೆ ಅದು ತಿಳಿದಿತ್ತು.

"ಯಾವನೂ ಬರಲ್ಲ. ನಾನ್ ಬುಡಲ್ಲ" ಎಂದರು. "ಮನೇಗ್ ನಡಿ, ಅವ್ವ ಉಣ್ದೆ ಕಾಯ್ತಿರ್ತಳೆ."

ಅವನು ಸ್ಕೂಟರ್ ಸ್ಟಾರ್ಟ್ ಮಾಡಿ ಒಬ್ಬನೇ ಹೋದ. ದೇವಿರಮ್ಮ ವಾಪಸು ಒಳಗೆ ಹೋಗಿ, ಫೈಲು ಕಟ್ಟುತ್ತಿದ್ದ ಲಹರಿಯನ್ನು ಹಿಡಿದು ನಿಲ್ಲಿಸಿ, ಆ ಹರಾಜಿನಲ್ಲಿ ತಾನೂ ಕೂಗಬಹುದೇ ಎಂದು ಕೇಳಿದರು. ಕೂಗಬಹುದು ಎಂದಷ್ಟೇ ಹೇಳಿ ಲಹರಿ ನಿಲ್ಲಿಸಲಿಲ್ಲ. ಜಂಟಿ ಆಸ್ತಿಯ ಪಾಲು ಹರಾಜಾಗುವಾಗ ಹೊರಗಿನವರೂ ಸಹಪಾಲುದಾರರೂ ಒಂದೇ ಬೆಲೆ ಕೂಗಿದರೆ, ಕಾನೂನು ಅದನ್ನು ಸಹಪಾಲುದಾರರ ಕೂಗೆಂದೇ ಹಿಡಿಯುತ್ತದೆ. ಹೊರಗಿನವರು ಹೆಚ್ಚು ಕೂಗಿದರೆ ಮಾತ್ರ ಈ ನಿಯಮ ಕೈಹಿಡಿಯುವುದಿಲ್ಲ. ಆದರೆ ಜಗಳದ ಮನೆಯ ಅರ್ಧ ಪಾಲಿಗೆ ಹೆಚ್ಚು ಕೂಗುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಭವಿಷ್ಯನಿಧಿಯಿಂದ ಎಷ್ಟು ಎತ್ತಬಹುದು, ಡಿಪೋದ ಸಹಕಾರ ಸಂಘ ಎಷ್ಟು ಕೊಡುತ್ತದೆ ಎಂದು ದೇವಿರಮ್ಮ ಆ ವಾರವೆಲ್ಲ ವಿಚಾರಿಸಿದರು. ಗಗನ ತನ್ನ ಉಳಿತಾಯ ಕೊಡುತ್ತೇನೆಂದಳು. ಇಷ್ಟೆಲ್ಲ ಮಾಡಿ ಮಾವನ ಸಾಲವನ್ನೇ ತಾನೆ ನೀನು ತೀರಿಸಿದಂತಾಗುವುದು, ಅವತ್ತು ರುಜು ಹಾಕಿದ್ದರೂ ಇದೇ ಆಗುತ್ತಿತ್ತಲ್ಲ ಎಂದು ಅವಳು ಕೇಳಿದಳು. ಅಲ್ಲ ಎಂದರು ದೇವಿರಮ್ಮ. ರುಜು ಹಾಕಿದ್ದರೆ ಕೊಟ್ಟೂ ಕಳೆದುಕೊಳ್ಳುವ ಭಯ. ಈಗ ಕೊಟ್ಟು ಮನೆಯನ್ನೇ ಕೊಳ್ಳುವುದು.

ತಮ್ಮನಿಗೂ ಮಾತು ತಲುಪಿಸಿದರು, ಅವ್ವನ ಮೂಲಕ. ಕೆಳಗಿನ ಮನೆಯಲ್ಲಿ ಅವನು ಇರುವಷ್ಟು ಕಾಲ ಇರಬಹುದು, ಬಾಡಿಗೆ ಕೇಳುವುದಿಲ್ಲ. ಆದರೆ ಪತ್ರ ತನ್ನ ಮತ್ತು ಗಗನಳ ಹೆಸರಿನಲ್ಲಿರುತ್ತದೆ. ಆ ಮನೆ ತೋರಿಸಿ ಇನ್ನು ಯಾರೂ ಸಾಲ ತರುವಂತಿಲ್ಲ. ಶಿವನಂಜಮ್ಮ ಆ ರಾತ್ರಿ ಚಾಪೆ ಸುತ್ತಿಕೊಂಡು ಮೇಲೆ ಬಂದರು. "ನಿಮ್ಮಪ್ಪನಂಗೇ ಮೊಂಡಿ ಕಣೆ ನೀನು" ಎಂದರು. ಬೈದರೋ ಹೊಗಳಿದರೋ ಹೇಳಲಾಗದಂಥ ದನಿಯಲ್ಲಿ ಹೇಳಿ, ಗೋಡೆಯ ಕಡೆ ತಿರುಗಿ ಮಲಗಿದರು.

ಅಶೋಕ ಒಂದು ದಿನ ಬಸ್ಸಿಗೇ ಹತ್ತಿದ. ಕಾರು ಗ್ಯಾರೇಜಿನಲ್ಲಿತ್ತಂತೆ. ಟಿಕೆಟ್ ತೆಗೆದುಕೊಳ್ಳುತ್ತಾ, ಹರಾಜಿಗೆ ನೀವೂ ಬರುತ್ತೀರಂತೆ ಅಕ್ಕ ಎಂದ. ಬರುತ್ತೇನೆ ಎಂದರು. ನನಗೆ ಯಾರ ದುಡ್ಡಾದರೂ ಸರಿ, ದುಡ್ಡು ಬಂದರೆ ಸಾಕು ಎಂದ. ದೇವಿರಮ್ಮ ಚಿಲ್ಲರೆ ಎಣಿಸಿ ಅವನ ಕೈಗಿಟ್ಟು, ಮುಂದಿನ ಸೀಟಿನ ಕಡೆ ಹೋದರು.

ಹರಾಜು ಬರುವ ತಿಂಗಳ ಎರಡನೇ ಬುಧವಾರ, ಕೋರ್ಟಿನ ಆವರಣದಲ್ಲಿ. ದೇವಿರಮ್ಮ ಡಿಪೋದಲ್ಲಿ ಅವತ್ತಿಗೆ ರಜೆ ಬರೆದುಕೊಟ್ಟಿದ್ದಾರೆ. ರಜೆ ಮಂಜೂರಾಗಿದೆ. ಮಂಡಕಳ್ಳಿ ಬಸ್ಸಿಗೆ ಆ ದಿನ ಬೇರೆ ಕಂಡಕ್ಟರ್ ಇರುತ್ತಾರೆ.